ನೆನಪು ಆಸ್ತಿಯೋ, ಆಳೋ?

ಅಪಸ್ಮಾರ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ದೇವಸ್ಥಾನದಲ್ಲಿ. ನಟರಾಜನ ಪಾದದಡಿಯಲ್ಲಿ ಬಿದ್ದಿರುವ ಕುಳ್ಳನನ್ನು ತೋರಿಸಿ ನಮ್ಮ ತಂದೆ, "ಇವನೇ ಅಪಸ್ಮಾರ" ಎಂದರು. "ದೇವರು ಇವನನ್ನು ಕೊಂದೇಬಿಡಬಹುದಿತ್ತಲ್ಲ?" ಎಂದು ಕೇಳಿದೆ. "ಕೊಲ್ಲಲಿಲ್ಲ, ಅದುಮಿಟ್ಟ, ಅಷ್ಟೆ" ಎಂದರು. ಹುಡುಗನಾಗಿದ್ದ ನನಗೆ ಆ ಉತ್ತರ ಒಪ್ಪಿಗೆಯಾಗಲಿಲ್ಲ. ಅದೇ ಹೆಸರಿನ ಕಾಯಿಲೆಯೊಂದಿದೆ ಎಂದು ತಿಳಿದದ್ದು ಆಮೇಲೆ. ಸ್ಮೃತಿ ತೊಲಗುವುದೇ ಅಪಸ್ಮಾರ. ಚರಕಸಂಹಿತೆ ಅದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ನಮ್ಮ ಮನೆಗಳಲ್ಲಿ ಅದರ ಹೆಸರು ಮೂರ್ಛೆರೋಗ, ಅದೂ ಪಿಸುಮಾತಿನಲ್ಲಿ. ಬಿದ್ದವನ ಕೈಗೆ ಬೀಗದ ಕೈ ತುರುಕುವುದು ಚಿಕಿತ್ಸೆ. ಮದುವೆಯ ಮಾತು ಬಂದಾಗ ಮುಚ್ಚಿಡುವುದು ಜಾಣತನ. ಹಿಂದೂ ವಿವಾಹ ಕಾಯಿದೆಯೊಳಗಿಂದ ಈ ಕಾಯಿಲೆಯ ಹೆಸರನ್ನು ತೆಗೆದುಹಾಕಿದ್ದೇ 1999ರಲ್ಲಿ.

ನಮ್ಮ ಅಕ್ಕನ ಮಗನಿಗೆ ಒಂಬತ್ತನೆಯ ವಯಸ್ಸಿನಿಂದ ಈ ಕಾಯಿಲೆ. ಹೊಟ್ಟೆಯಿಂದ ಏನೋ ಮೇಲೆ ಬರುತ್ತಿದೆ ಎನ್ನುವನು. ಅಷ್ಟರಲ್ಲಿ ದೃಷ್ಟಿ ನೆಟ್ಟುಹೋಗುವುದು, ತುಟಿ ಚಪ್ಪರಿಸತೊಡಗುವುದು, ಬೆರಳುಗಳು ಅಂಗಿಯ ಗುಂಡಿಯನ್ನು ತಡವತೊಡಗುವುವು. ಎರಡು ನಿಮಿಷದಲ್ಲಿ ಎಲ್ಲ ಮುಗಿದು, "ಏನಾಯಿತು?" ಎಂದು ನಮ್ಮನ್ನೇ ಕೇಳುವನು. ಕೆಲವು ಸಲ ಇಡೀ ಮೈ ಸೆಟೆದು ನೆಲಕ್ಕೆ ಬೀಳುವುದೂ ಇತ್ತು. ಹದಿನಾರು ವರ್ಷಗಳಲ್ಲಿ ನಾಲ್ಕು ಬಗೆಯ ಗುಳಿಗೆಗಳಾದವು. ಓದು ಮುಗಿಸಿದ, ಸಿಕ್ಕಿದ ಎರಡು ಕೆಲಸಗಳನ್ನೂ ಬಿಟ್ಟ. ಅವನು ಬಚ್ಚಲಮನೆಗೆ ಹೋದರೆ ಅಕ್ಕ ಬಾಗಿಲ ಹೊರಗೆ ನಿಂತಿರುವಳು. ಅಗಳಿ ಹಾಕಿಕೊಳ್ಳುವ ಸ್ವಾತಂತ್ರ್ಯ ಆ ಹುಡುಗನಿಗೆ ಇಪ್ಪತ್ತೈದು ವರ್ಷವಾದರೂ ಬರಲಿಲ್ಲ.

ಇಂಥವರು ವಿರಳವೇನಲ್ಲ. ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ವೈದ್ಯರು 2000ದಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹೊಸದಾಗಿ ಚಿಕಿತ್ಸೆಗೆ ಬಂದ ನೂರು ಜನರಲ್ಲಿ ನಲವತ್ತೇಳು ಮಂದಿಗೆ ಮೊದಲನೆಯ ಔಷಧದಲ್ಲೇ ಮೂರ್ಛೆ ನಿಂತಿತು. ಎರಡನೆಯದರಲ್ಲಿ ಇನ್ನು ಹದಿಮೂರು ಮಂದಿಗೆ. ಆಮೇಲಿನ ಔಷಧಗಳಿಂದ ಗುಣ ಕಂಡವರು ಬೆರಳೆಣಿಕೆಯಷ್ಟು. ಸರಿಯಾಗಿ ಆಯ್ದ ಎರಡು ಔಷಧಗಳಿಗೂ ಬಗ್ಗದ ಕಾಯಿಲೆಯನ್ನು ಔಷಧಕ್ಕೆ ಮಣಿಯದ ಅಪಸ್ಮಾರ ಎಂದು ಕರೆಯಬೇಕೆಂದು 2010ರಲ್ಲಿ ಅಂತರರಾಷ್ಟ್ರೀಯ ವೈದ್ಯಮಂಡಲಿಯೊಂದು ನಿಶ್ಚಯಿಸಿತು. ರೋಗಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಈ ಗುಂಪಿಗೆ ಸೇರುತ್ತಾರೆ. ನಮ್ಮ ಹುಡುಗ ಅವರಲ್ಲೊಬ್ಬ.

ವೈದ್ಯರು ಅವನನ್ನು ಐದು ದಿನ ಆಸ್ಪತ್ರೆಯಲ್ಲಿ ಮಲಗಿಸಿ, ತಲೆಗೆ ತಂತಿಗಳನ್ನು ಅಂಟಿಸಿ, ಗುಳಿಗೆ ಕಡಿಮೆ ಮಾಡಿ, ಮೂರ್ಛೆ ಬರಲೆಂದೇ ಕಾದರು. ಬಾರದಿರಲಿ ಎಂದು ಹದಿನಾರು ವರ್ಷ ಹರಕೆ ಹೊತ್ತ ತಾಯಿ, ಬರಲಿ ಎಂದು ಕಾದು ಕೂತ ಐದು ದಿನಗಳವು. ಕೊನೆಗೆ ತಿಳಿದದ್ದು ಇಷ್ಟು: ಎಡಗಿವಿಯ ಮೇಲ್ಭಾಗದಲ್ಲಿ, ಮಿದುಳಿನ ಒಳಮಡಿಕೆಯಲ್ಲಿ, ಕಡಲಕುದುರೆಯ ಆಕಾರದಿಂದ ಹಿಪೊಕ್ಯಾಂಪಸ್ ಎಂದು ಹೆಸರು ಪಡೆದ ಒಂದು ಭಾಗವಿದೆ; ಅದು ಕುಗ್ಗಿ ಗಟ್ಟಿಯಾಗಿದೆ; ಮೂರ್ಛೆಯ ಕಿಡಿ ಹೊರಡುವುದು ಅಲ್ಲಿಂದಲೇ. ಅದನ್ನೂ ಅದರ ನೆರೆಯ ಭಾಗವನ್ನೂ ತೆಗೆದುಹಾಕಬಹುದು ಎಂದರು.

ಅಂದು ಸಂಜೆ ಅಕ್ಕ ನನ್ನನ್ನು ಅಡಿಗೆಮನೆಗೆ ಕರೆದು ಕೇಳಿದಳು: "ನೀನು ನಾಲ್ಕು ಪುಸ್ತಕ ಓದಿದವನು ಕಣೋ. ಮಿದುಳು ಕೊಯ್ದ ಮೇಲೆ ಮನೆಗೆ ಬರೋನು ನನ್ನ ಮಗನೇ ಆಗಿರ್ತಾನಾ?"

ತತ್ತ್ವಜ್ಞಾನಿಗಳು ಶತಮಾನಗಳಿಂದ ತೊಡರಿಕೊಂಡಿರುವ ಪ್ರಶ್ನೆಯನ್ನು ಅಕ್ಕ ಒಂದು ವಾಕ್ಯದಲ್ಲಿ ಕೇಳಿದ್ದಳು. ಹದಿನೇಳನೆಯ ಶತಮಾನದ ಇಂಗ್ಲಿಷ್ ಚಿಂತಕ ಜಾನ್ ಲಾಕ್, ನೆನ್ನೆಯ ನಾನೂ ಇಂದಿನ ನಾನೂ ಒಬ್ಬನೇ ಎನ್ನುವುದಕ್ಕೆ ನೆನಪೇ ಆಧಾರವೆಂದ. ನಮ್ಮ ನೈಯಾಯಿಕರು, ಕಣ್ಣು ಕಂಡದ್ದನ್ನೇ ಕೈ ಮುಟ್ಟಿತು ಎಂದು ಗುರುತಿಸುವವನೊಬ್ಬ ಒಳಗಿರಬೇಕು, ಅವನೇ ಆತ್ಮ ಎಂದರು. ಒಬ್ಬರಿಗೆ ನೆನಪೇ ಆಳು. ಇನ್ನೊಬ್ಬರಿಗೆ ನೆನಪು ಆಳಿನ ಆಸ್ತಿ. ಈ ಭೇದ ಬರಿಯ ತರ್ಕವಲ್ಲ. ಆಸ್ತಿಯಾದರೆ ಜೀವ ಉಳಿಸಿಕೊಳ್ಳಲು ಅದರಲ್ಲಿ ಸ್ವಲ್ಪ ಮಾರಬಹುದು. ಆಳೇ ಆದರೆ ಮಾರುವುದು ಯಾರನ್ನು?

ನನಗೆ ಹೆನ್ರಿ ಮೊಲೈಸನ್ ನೆನಪಾದ. ಅಮೆರಿಕದ ಕನೆಕ್ಟಿಕಟ್ ರಾಜ್ಯದವನು, 1926ರಲ್ಲಿ ಹುಟ್ಟಿದವನು. ಹತ್ತನೆಯ ವಯಸ್ಸಿನಿಂದ ಮೂರ್ಛೆ. ಯಾವ ಔಷಧಕ್ಕೂ ಬಗ್ಗಲಿಲ್ಲ. ಅವನಿಗೆ ಇಪ್ಪತ್ತೇಳು ವರ್ಷವಾಗಿದ್ದಾಗ, 1953ರಲ್ಲಿ, ಹಾರ್ಟ್‌ಫರ್ಡ್ ನಗರದಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಎಡ ಬಲ ಎರಡೂ ಕಡೆಯ ಆ ಒಳಭಾಗವನ್ನು ತೆಗೆದರು. ಕಾಯಿಲೆಯ ಮೂಲ ಯಾವ ಕಡೆಯದೆಂದು ಖಚಿತವಾಗಿರಲಿಲ್ಲ. ಇದು ಪ್ರಯೋಗವೆಂಬುದನ್ನು ಅವರು ಮರೆಮಾಚಲೂ ಇಲ್ಲ. ಮೂರ್ಛೆಯೇನೋ ಬಹಳ ಕಡಿಮೆಯಾಯಿತು. ಆದರೆ ಅಂದಿನಿಂದ ಹೆನ್ರಿಯಲ್ಲಿ ಹೊಸ ನೆನಪೊಂದೂ ನಿಲ್ಲಲಿಲ್ಲ. 1955ರ ಏಪ್ರಿಲಿನಲ್ಲಿ ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಕೇಳಿದಾಗ, ಇದು 1953ರ ಮಾರ್ಚಿ ತಿಂಗಳು, ತನಗೆ ಇಪ್ಪತ್ತೇಳು ವರ್ಷ ಎಂದ. ಬುದ್ಧಿಯ ಪರೀಕ್ಷೆಯಲ್ಲಿ ಮಾತ್ರ ಸಾಮಾನ್ಯರಿಗಿಂತ ತುಸು ಮೇಲೆಯೇ ಇದ್ದ. ಕಾಲು ಗಂಟೆ ಮಾತಾಡಿದವರು ಹೊರಗೆ ಹೋಗಿ ಮರಳಿ ಬಂದರೆ ಹೊಸಬರು. ಅಪಸ್ಮಾರವನ್ನು ಕಳೆಯಹೋಗಿ ಆ ಪದದ ಅರ್ಥವನ್ನೇ ಅವನ ತಲೆಗೆ ಕಟ್ಟಿದಂತಾಯಿತು. ಹೀಗೆಯೇ ಐವತ್ತೈದು ವರ್ಷ ಬದುಕಿ 2008ರಲ್ಲಿ ತೀರಿಕೊಂಡ.

ಈ ಕಥೆಯನ್ನು ಅಕ್ಕನಿಗೆ ಹೇಳುವುದೇ ಬೇಡವೇ ಎಂದು ಒಂದು ರಾತ್ರಿ ನಿದ್ದೆಗೆಟ್ಟೆ. ಹೇಳಿದರೆ ಹೆದರುತ್ತಾಳೆ, ಹೇಳದಿದ್ದರೆ ನಾನು ಓದಿದ್ದಕ್ಕೆ ಅರ್ಥವಿಲ್ಲ. ಕೊನೆಗೆ ಹೇಳಿದೆ, ಆದರೆ ಅರ್ಧಕ್ಕೆ ನಿಲ್ಲಿಸದೆ ಹೇಳಿದೆ. ಇಂಥ ಕಥೆಗಳನ್ನು ಅರ್ಧ ಹೇಳುವುದು ಸುಳ್ಳು ಹೇಳಿದ್ದಕ್ಕಿಂತ ಕೆಟ್ಟದ್ದು.

ಉಳಿದರ್ಧ ಇದು. ಮಿಲ್ನರ್ ಆತನಿಗೆ ಒಂದು ಕೆಲಸ ಕೊಟ್ಟರು. ಕೈ ಕಾಣದಂತೆ ಮರೆಮಾಡಿ, ಕನ್ನಡಿಯಲ್ಲಿ ಮಾತ್ರ ನೋಡುತ್ತ, ನಕ್ಷತ್ರದ ಚಿತ್ರದ ಎರಡು ಗೆರೆಗಳ ನಡುವೆ ಪೆನ್ಸಿಲು ಓಡಿಸಬೇಕು. ಮೂರು ದಿನಗಳಲ್ಲಿ ಅವನ ಕೈ ಪಳಗಿತು. ಆದರೆ ತಾನು ಆ ಕೆಲಸವನ್ನು ಹಿಂದೆ ಮಾಡಿದ್ದೇ ಅವನಿಗೆ ಗೊತ್ತಿರಲಿಲ್ಲ. ನೆನಪು ಒಂದೇ ಉಗ್ರಾಣವಲ್ಲ, ಹಲವು ಕೋಣೆಗಳ ಮನೆ ಎಂದು ಜಗತ್ತು ಕಲಿತದ್ದು ಹೀಗೆ. ಅದಕ್ಕಿಂತ ನನ್ನನ್ನು ತಟ್ಟಿದ್ದು ಇನ್ನೊಂದು ಸಂಗತಿ. ಅವನನ್ನು ಕಂಡವರೆಲ್ಲ ಅವನ ಸೌಜನ್ಯವನ್ನು ಬರೆದಿದ್ದಾರೆ. ಮಾತಿನ ನಡುವೆ ತಡೆದು, ತಾನೀಗ ಏನಾದರೂ ತಪ್ಪು ಮಾಡಿದೆನೇ, ತಪ್ಪು ಆಡಿದೆನೇ ಎಂದು ಆತಂಕಪಡುತ್ತಿದ್ದನಂತೆ. ಹಿಂದಿನ ಕ್ಷಣ ನೆನಪಿಲ್ಲದವನಿಗೆ, ಆ ಕ್ಷಣದಲ್ಲಿ ಇನ್ನೊಬ್ಬರನ್ನು ನೋಯಿಸಿರಬಹುದೇ ಎಂಬ ಅಳುಕು ಮಾತ್ರ ಇತ್ತು.

ಸ್ಮೃತಿ ಕೆಟ್ಟರೆ ಬುದ್ಧಿ ನಾಶವಾಗುತ್ತದೆಂದು ಗೀತೆಯ ಎರಡನೆಯ ಅಧ್ಯಾಯದಲ್ಲಿ ಬರುತ್ತದೆ. ಹೆನ್ರಿಯ ಕಥೆ ಓದಿದ ಮೇಲೆ ಆ ಮಾತಿನ ಅರ್ಥ ನನಗೆ ಬೇರೆಯಾಗಿ ಕಂಡಿತು. ಅಲ್ಲಿ ಹೇಳಿರುವುದು ತಾರೀಖಿನ ನೆನಪಲ್ಲ. ತಾನು ಯಾರು, ಹೇಗೆ ನಡೆದುಕೊಳ್ಳಬೇಕು ಎಂಬ ನೆನಪು. ಕೋಪ ಬಂದಾಗ ನಾವೆಲ್ಲ ಕಳೆದುಕೊಳ್ಳುವುದು ಅದನ್ನೇ. ಮಿದುಳಿನ ಅಷ್ಟು ಭಾಗ ಕಳೆದುಕೊಂಡ ಆ ಮನುಷ್ಯ ಅದನ್ನು ಕಳೆದುಕೊಳ್ಳಲಿಲ್ಲ. ಆದ್ದರಿಂದ ನೆನಪೇ ಮನುಷ್ಯ ಎಂದು ನಾನು ಒಪ್ಪಲಾರೆ. ಆದರೆ ನೆನಪು ಬರಿಯ ಆಸ್ತಿ, ಹೋದರೆ ಹೋಗಲಿ ಎನ್ನುವ ಧೈರ್ಯವೂ ನನಗಿಲ್ಲ. ತಂದೆ ತೀರಿಹೋದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಾರದ ಮಗನಿಗೆ ಶೋಕಿಸುವ ಹಕ್ಕೂ ಹೋಯಿತಲ್ಲ!

ಇಲ್ಲಿಂದ ಇನ್ನೊಂದು ಪ್ರಶ್ನೆ ಏಳುತ್ತದೆ. ಹೆನ್ರಿಗಾದ ನಷ್ಟದಿಂದ ಜಗತ್ತಿಗೆ ಲಾಭವಾಯಿತು. ಸ್ಕೋವಿಲ್ ಮತ್ತು ಮಿಲ್ನರ್ 1957ರಲ್ಲಿ ಎಲ್ಲವನ್ನೂ ಪ್ರಕಟಿಸಿದರು. ಎರಡೂ ಕಡೆ ಕೊಯ್ಯಬಾರದೆಂದು ಸ್ಕೋವಿಲ್ ಉಳಿದವರನ್ನು ಎಚ್ಚರಿಸಿದರು. ಇಂದು ಒಂದೇ ಕಡೆ, ಇನ್ನೊಂದು ಕಡೆ ಗಟ್ಟಿಯಾಗಿದೆಯೆಂದು ಪರೀಕ್ಷಿಸಿದ ಮೇಲೆ, ಕತ್ತಿಯಿಡುವುದಕ್ಕೆ ಆ ಅರಿವೇ ಕಾರಣ. ಹಾಗಾದರೆ 1953ರಲ್ಲಿ ಆದದ್ದು ಸರಿಯೆನ್ನೋಣವೇ? ನನ್ನ ಮನಸ್ಸು ಒಪ್ಪದು. ನಮ್ಮ ಭಾಷೆಯಲ್ಲಿ ತ್ಯಾಗ ಬೇರೆ, ಬಲಿ ಬೇರೆ. ಏನು ಕೊಡುತ್ತಿದ್ದೇನೆಂದು ತಿಳಿದು ಕೊಟ್ಟರೆ ತ್ಯಾಗ. ತಿಳಿಯದವನಿಂದ ತೆಗೆದುಕೊಂಡರೆ ಬಲಿ. ಹೆನ್ರಿ ಶಸ್ತ್ರಕ್ರಿಯೆಗೆ ಒಪ್ಪಿದ್ದರೂ ಏನನ್ನು ಕೊಡುತ್ತಿದ್ದಾನೆಂದು ಅವನಿಗೂ ಗೊತ್ತಿರಲಿಲ್ಲ, ಕೊಯ್ದವರಿಗೂ ಗೊತ್ತಿರಲಿಲ್ಲ. ಆಮೇಲೆ ದಶಕಗಳ ಕಾಲ ನಗುನಗುತ್ತ ಪರೀಕ್ಷೆಗೆ ಕೂತ. ತನ್ನಿಂದ ಇತರರಿಗೆ ನೆರವಾದರೆ ಸಂತೋಷವೆಂದೂ ಹೇಳುತ್ತಿದ್ದ. ಆದರೆ ಒಪ್ಪಿದ್ದನ್ನೇ ಮರೆಯುವವನ ಒಪ್ಪಿಗೆಗೆ ಎಷ್ಟು ಬೆಲೆ? ಸತ್ತ ಮೇಲೂ ಅವನಿಗೆ ಬಿಡುವಾಗಲಿಲ್ಲ. 2009ರಲ್ಲಿ ಅವನ ಮಿದುಳನ್ನು 2,401 ತೆಳುಪದರಗಳಾಗಿ ಸೀಳಿ ಕಾದಿರಿಸಿದರು. ಬಲಿಯಿಂದ ಬಂದ ಫಲವನ್ನು ಎಸೆಯಬೇಕೆಂದು ನಾನು ಹೇಳುವುದಿಲ್ಲ. ಫಲ ಬಂತೆಂದು ಬಲಿಯನ್ನು ಹೊಗಳಬಾರದು. ಋಣವೆಂದು ತಿಳಿದು ಉಣ್ಣಬೇಕು.

ಋಣ ತೀರಿಸುವ ದಾರಿಯೆಂದರೆ ಮುಂದಿನವನಿಗೆ ತಿಳಿಸಿ ಕೇಳುವುದು. ಈ ವಿದ್ಯೆಯಲ್ಲಿ ಅದಕ್ಕೊಂದು ಮೇಲ್ಪಂಕ್ತಿಯಿದೆ. ಕೆನಡಾದ ಮಾಂಟ್ರಿಯಲ್ಲಿನಲ್ಲಿ 1934ರಲ್ಲಿ ನರವಿಜ್ಞಾನದ ಸಂಸ್ಥೆ ಕಟ್ಟಿದ ವೈಲ್ಡರ್ ಪೆನ್‌ಫೀಲ್ಡ್, ರೋಗಿಗೆ ಎಚ್ಚರವಿರುವಂತೆಯೇ ತಲೆಬುರುಡೆ ತೆರೆದು, ಮಿದುಳನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟುತ್ತ, ಏನನಿಸುತ್ತಿದೆಯೆಂದು ಕೇಳುತ್ತಿದ್ದರು. ಕೆಲವರಿಗೆ ಎಂದೋ ಕೇಳಿದ ಸಂಗೀತ ಕೇಳಿಸುತ್ತಿತ್ತು. ಕೈಯೆತ್ತುವಂತೆ ಮಾಡಿದರೆ, ಎತ್ತಿದ್ದು ನಾನಲ್ಲ, ನೀವು ಎನ್ನುತ್ತಿದ್ದರಂತೆ. ಕೊಯ್ಯಿಸಿಕೊಳ್ಳುವವನನ್ನೇ ಕೇಳಿ ಕೊಯ್ಯುವ ಆ ಪದ್ಧತಿಯಲ್ಲಿ ವೈದ್ಯದಷ್ಟೇ ಧರ್ಮವೂ ಇದೆಯೆಂದು ನನಗೆ ತೋರುತ್ತದೆ. ಅವರ ಬಳಿ ಕಲಿತು ಬಂದ ಜೇಕಬ್ ಚಾಂಡಿಯವರು 1949ರಲ್ಲಿ ವೆಲ್ಲೂರಿನಲ್ಲಿ ನಮ್ಮ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ತೆರೆದರು.

ಅಕ್ಕ ಎಲ್ಲವನ್ನೂ ಕೇಳಿ, "ಹಾಗಾದ್ರೆ ಬೇಡವೇ ಬೇಡ. ಹೇಗಿದಾನೋ ಹಾಗೇ ಇರ್ಲಿ" ಎಂದಳು. ಆಗ ಮಾತಾಡಿದವನು ಹುಡುಗ. "ಹಾಗೇ ಅಂದ್ರೆ ಹೇಗಮ್ಮ? ಪ್ರತಿ ಸಲ ಬಿದ್ದಾಗಲೂ ನನ್ನದು ಸ್ವಲ್ಪ ಹೋಗ್ತಾನೇ ಇದೆ. ನೀನು ಕಾಯ್ತಿರೋ ಮಗ ಈಗಲೂ ಪೂರ್ತಿ ಇಲ್ಲ. ಮಾವ, ನೀವಾದರೂ ಹೇಳಿ" ಎಂದ.

ಅವನ ಮಾತಿನಲ್ಲಿ ನನ್ನ ತರ್ಕಕ್ಕೆ ಸಿಗದಿದ್ದ ಸತ್ಯವಿತ್ತು. ಕೊಯ್ಯದಿರುವುದೂ ಒಂದು ಕೃತ್ಯವೇ. ಅದರ ಹೊಣೆಯನ್ನು ವಿಧಿಯ ಮೇಲೆ ಹಾಕಿ ನಾವು ಕೈತೊಳೆದುಕೊಳ್ಳುತ್ತೇವೆ, ಅಷ್ಟೆ. ಈ ಕಾಯಿಲೆಯುಳ್ಳ ದೊಡ್ಡವರಲ್ಲಿ ವರ್ಷಕ್ಕೆ ಸಾವಿರಕ್ಕೊಬ್ಬರು ಬೇರಾವ ಕಾರಣವೂ ಇಲ್ಲದೆ ಹಠಾತ್ತಾಗಿ ಸಾಯುತ್ತಾರೆ. ಮೈಯೆಲ್ಲ ಸೆಟೆಯುವ ಮೂರ್ಛೆ ಪದೇ ಪದೇ ಬರುವವರಿಗೆ ಆ ಭಯ ಇನ್ನೂ ಹೆಚ್ಚು. ಕೆನಡಾದಲ್ಲಿ ಎಂಬತ್ತು ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಾಲು ಮಾಡಿ 2001ರಲ್ಲಿ ವರದಿ ಮಾಡಿದರು. ವರ್ಷದ ಕೊನೆಗೆ ಎಚ್ಚರ ತಪ್ಪಿಸುವ ಮೂರ್ಛೆಯಿಲ್ಲದೆ ಇದ್ದವರು ಶಸ್ತ್ರಕ್ರಿಯೆಯ ಪಾಲಿನಲ್ಲಿ ನೂರಕ್ಕೆ ಐವತ್ತೆಂಟು, ಔಷಧದ ಪಾಲಿನಲ್ಲಿ ಎಂಟು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು 116 ಮಕ್ಕಳಲ್ಲಿ ಹೀಗೆಯೇ ನೋಡಿ 2017ರಲ್ಲಿ ಪ್ರಕಟಿಸಿದಾಗ ಆ ಅಂಕಿಗಳು ಎಪ್ಪತ್ತೇಳು ಮತ್ತು ಏಳು. ಆದರೆ ಶಸ್ತ್ರಕ್ರಿಯೆಯಾದ ಮಕ್ಕಳಲ್ಲಿ ಮೂರರಲ್ಲೊಬ್ಬರಿಗೆ ಕೈಕಾಲಿನ ಶಕ್ತಿ ಕುಂದುವಂಥ ಗಂಭೀರ ತೊಂದರೆಗಳೂ ಆದವು. ಬಿಟ್ಟಿಯಾಗಿ ಬರುವ ಗುಣ ಯಾವುದೂ ಇಲ್ಲ.

ನಮ್ಮ ಹುಡುಗನಿಗೂ ವೈದ್ಯರು ಬೆಲೆಯನ್ನು ಬಾಯಿಬಿಟ್ಟು ಹೇಳಿದರು: ಎಡಭಾಗವಾದ್ದರಿಂದ ಪದಗಳ ನೆನಪು, ಹೆಸರುಗಳ ನೆನಪು ಸ್ವಲ್ಪ ಮಂದವಾಗಬಹುದು. ಅವನು ಒಂದು ವಾರ ಯೋಚಿಸಿ, ಕಾಗದಕ್ಕೆ ತಾನೇ ಸಹಿ ಹಾಕಿದ. ಭಾವನವರ ಕೈ ನಡುಗುತ್ತಿತ್ತು, ಅವನದು ನಡುಗಲಿಲ್ಲ.

ಈಗ ಒಂದೂವರೆ ವರ್ಷವಾಯಿತು. ಮೂರ್ಛೆ ಮರಳಿಲ್ಲ. ಗುಳಿಗೆ ನಿಂತಿಲ್ಲ, ಅಪಸ್ಮಾರ ಸತ್ತಿದ್ದಾನೆಂದು ವೈದ್ಯರು ಹೇಳುವುದೂ ಇಲ್ಲ. ಅದುಮಿಟ್ಟಿದ್ದಾನೆ ಎಂಬ ತಂದೆಯ ಮಾತು ನನಗೆ ಈಗ ಒಪ್ಪಿಗೆಯಾಗುತ್ತದೆ. ಹೇಳಿದ ಬೆಲೆಯನ್ನೂ ತೆತ್ತಿದ್ದಾನೆ. ಮೊನ್ನೆ ಊಟಕ್ಕೆ ಕೂತಾಗ ಸೌಟಿನ ಹೆಸರು ಬಾಯಿಗೆ ಬರಲಿಲ್ಲ. "ಅದೇ, ಹುಳಿ ಬಡಿಸೋದು" ಎಂದು ಕೈಯಲ್ಲಿ ತೋರಿಸಿದ. ಜೇಬಿನಲ್ಲಿ ಸಣ್ಣ ಪುಸ್ತಕವಿಟ್ಟುಕೊಂಡು ಸಿಕ್ಕಿದವರ ಹೆಸರು ಬರೆದುಕೊಳ್ಳುತ್ತಾನೆ. ಒಂದೊಂದು ಸಲ ಪದ ಸಿಗದೆ ಅವನ ಮುಖ ಕಪ್ಪಿಡುತ್ತದೆ. ಆಗ ಯಾರೂ ಎತ್ತಿಕೊಡುವುದಿಲ್ಲ, ಕಾಯುತ್ತೇವೆ.

ಅಕ್ಕನ ಪ್ರಶ್ನೆಗೆ ನಾನು ಕೊನೆಗೂ ಉತ್ತರ ಹೇಳಲಿಲ್ಲ. ಕಳೆದ ವಾರ ಹೋದಾಗ ಅವಳು ಹಜಾರದಲ್ಲಿ ಹೂ ಕಟ್ಟುತ್ತ ಕುಳಿತಿದ್ದಳು. ಬಚ್ಚಲಮನೆಯ ಅಗಳಿ ಬಿದ್ದ ಸದ್ದಾಯಿತು. ಒಂದು ಗಳಿಗೆ ಅವಳ ಕೈ ನಿಂತಿತು. ಆಮೇಲೆ ಒಳಗಿನಿಂದ ನೀರಿನ ಸದ್ದೂ ಹುಡುಗನ ಅಪಸ್ವರದ ಹಾಡೂ ಕೇಳಿಸಿದವು. "ಸಣ್ಣವನಿದ್ದಾಗಿಂದಲೂ ಹೀಗೇ, ಶ್ರುತಿಯೇ ಇಲ್ಲ" ಎಂದು ಅಕ್ಕ ಹೂ ಕಟ್ಟುವುದನ್ನು ಮುಂದುವರಿಸಿದಳು.