‘ಸುಮಾರು’ ಎಲ್ಲಿ ಹೋಯ್ತು?

ಪೈತಾನ್‌ನಲ್ಲಿ ಪ್ರೋಗ್ರಾಮ್ ಬರೆಯುವವರಿಗೆಲ್ಲ ಒಂದು ಎರರ್ ಚೆನ್ನಾಗಿ ಪರಿಚಯ. ನಾವೇ ಕಟ್ಟಿಕೊಂಡ ಹೊಸ ಬಗೆಯ ಮಾಹಿತಿಯನ್ನು ಜೇಸನ್ ಪಠ್ಯವಾಗಿ ಬರೆದುಕೊಡು ಅಂದರೆ ಅದು ಒಪ್ಪೋದಿಲ್ಲ. ಇದನ್ನು ಜೇಸನ್‌ನಲ್ಲಿ ಬರೆಯೋಕೆ ಬರಲ್ಲ ಅಂತ ಹೇಳಿ ಅಲ್ಲೇ ನಿಂತುಬಿಡುತ್ತೆ. ಎಷ್ಟೋ ವರ್ಷ ನಾನು ಇದನ್ನು ಬರೀ ಕಿರಿಕಿರಿ ಅಂದುಕೊಂಡಿದ್ದೆ.

ಪ್ರೋಗ್ರಾಮಿನ ಒಳಗೆ ಮಾಹಿತಿ ಇರುವ ರೀತಿ ಬೇರೆ, ಅದು ಇನ್ನೊಂದು ಕಂಪ್ಯೂಟರಿಗೆ ಪ್ರಯಾಣ ಮಾಡುವ ರೀತಿ ಬೇರೆ. ಮನೆ ಬದಲಾಯಿಸುವಾಗ ಮಂಚ ಬಿಚ್ಚಿ ಲಾರಿಗೆ ಹಾಕ್ತೀವಲ್ಲ, ಹಾಗೆ ಎಲ್ಲವನ್ನೂ ಬಿಚ್ಚಿ ಅಕ್ಷರಗಳ ಸಾಲು ಮಾಡಬೇಕು. ಜೇಸನ್‌ಗೆ ಗೊತ್ತಿರೋದು ಬಹಳ ಕಮ್ಮಿ: ಪದಗಳು, ಸಂಖ್ಯೆ, ಹೌದು-ಅಲ್ಲ, ಖಾಲಿ, ಪಟ್ಟಿ, ಹೆಸರಿಟ್ಟ ಖಾನೆಗಳು. ದಿನಾಂಕ ಅನ್ನೋದು ಕೂಡ ಅದಕ್ಕೆ ಗೊತ್ತಿಲ್ಲ. ತಾಯಿಯ ದಾಖಲೆಯೊಳಗೆ ಮಗ, ಮಗನ ದಾಖಲೆಯೊಳಗೆ ಮತ್ತೆ ತಾಯಿ ಇದ್ದರಂತೂ ಇಲ್ಲೊಂದು ಸುತ್ತು ಇದೆ ಅಂತ ಕೈಚೆಲ್ಲುತ್ತೆ. (ಸಂಸಾರ ಅದಕ್ಕೂ ಬಗೆಹರಿಯಲ್ಲ, ಬಿಡಿ.)

2019ರ ಆರಂಭದಲ್ಲಿ ಒಂದು ಸಂಸ್ಥೆಗೆ ಬಿಡುವಿನ ವೇಳೆಯಲ್ಲಿ ಪ್ರೋಗ್ರಾಮ್ ಬರೆದುಕೊಡುತ್ತಿದ್ದೆ. ಅರವತ್ತು ದಾಟಿದವರಿಗೆ ಪ್ರತಿ ತಿಂಗಳು ಬಿಪಿ, ಶುಗರ್ ಮಾತ್ರೆ ಉಚಿತ. ವಯಸ್ಸು ಬರೆದುಕೊಂಡು ಬರೋದು ಮನೆಮನೆಗೆ ಹೋಗುವ ಹುಡುಗಿಯರ ಕೆಲಸ. ಹಳ್ಳಿಯ ಹಿರಿಯರಿಗೆ ಹುಟ್ಟಿದ ತಾರೀಖು ಎಲ್ಲಿಂದ ಬರಬೇಕು? ಶಾಲೆಗೆ ಹೋದವರಿಗೂ ಮೇಷ್ಟ್ರು ಜೂನ್ 1 ಅಂತ ಹಾಕಿ ಕೈತೊಳೆದುಕೊಂಡಿರುತ್ತಾರೆ. ಅದಕ್ಕೇ ನಾನು ‘ಅಂದಾಜು ದಿನಾಂಕ’ ಅಂತ ಹೊಸದೊಂದು ವಿಧ ಕಟ್ಟಿದೆ. ಅದರಲ್ಲಿ ಒಂದು ತಾರೀಖು, ಜೊತೆಗೆ ಅದು ಖಚಿತವೋ ಸುಮಾರೋ ಅನ್ನುವ ಗುರುತು. ಖಚಿತವಾಗಿದ್ದರೆ ಯಂತ್ರವೇ ತೀರ್ಮಾನ ಮಾಡಲಿ, ಸುಮಾರು ಅಂತಿದ್ದರೆ ಯಾರಾದರೂ ಹೋಗಿ ನೋಡಿ ಬರಲಿ. ಇದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು ಅನ್ನಿ.

ಪಟ್ಟಿ ಕಳಿಸಬೇಕಾದ ಸಂಜೆ ಆ ಎರರ್ ಬಂತು. ಇದಕ್ಕೆ ಎಲ್ಲರೂ ಹೇಳಿಕೊಡುವ ಮದ್ದು ಒಂದೇ ಸಾಲಿನದು: ಗೊತ್ತಾಗದ್ದು ಏನೇ ಬಂದರೂ ಅದನ್ನು ಸುಮ್ಮನೆ ಸ್ಟ್ರಿಂಗ್ ಮಾಡಿಬಿಡು. ಹಾಕಿದೆ, ಹೋಯ್ತು. ಆದರೆ ಸ್ಟ್ರಿಂಗ್ ಮಾಡುವಾಗ ಅದು ಬಳಸಿದ್ದು ನಾನು ಪರದೆಯ ಮೇಲೆ ಚೆಂದ ಕಾಣಲಿ ಅಂತ ಬರೆದಿದ್ದ ರೂಪವನ್ನು. ಅದರಲ್ಲಿ ಇದ್ದದ್ದು ತಾರೀಖು ಮಾತ್ರ. 1960-06-01. ಆ ಕಡೆಯ ಕಂಪ್ಯೂಟರ್ ಅದನ್ನು ಓದಿ, ಖಚಿತ ಅಂತ ತಿಳಿದು, ಐವತ್ತೆಂಟು ವರ್ಷ ಅಂತ ಲೆಕ್ಕ ಹಾಕಿ, ಒಬ್ಬ ಅಜ್ಜಿಯ ಹೆಸರು ತೆಗೆಯಿತು. ಎಲ್ಲೂ ಒಂದು ಎರರ್ ಇಲ್ಲ. ಎರಡು ತಿಂಗಳು ಅವರಿಗೆ ಬಿಪಿ ಮಾತ್ರೆ ಸಿಗಲಿಲ್ಲ. ಆಮೇಲೆ ಪಟ್ಟಿ ಬರೆದ ಹುಡುಗಿ ಫೋನ್ ಮಾಡಿದಳು. “ಸರ್, ನಾನು ಸುಮಾರು ಅಂತ ಬರ್ದಿದ್ನಲ್ಲಾ?”

ನಾನು ಹೇಳಿದ್ದು ಸುಳ್ಳಾ? ಅದರಲ್ಲಿ ನನಗೆ ಕೊಟ್ಟಿರದ ಒಂದು ಅಂಕಿಯೂ ಇರಲಿಲ್ಲ. ತಪ್ಪು ಓದಿದ್ದು ಆ ಕಡೆಯವರು ಅಂತ ನನ್ನ ಜೊತೆ ನಾನೇ ಒಂದಷ್ಟು ದಿನ ವಾದ ಮಾಡಿದೆ. ಆಗ ನೆನಪಾದದ್ದು ಟ್ವಿಟರ್‌ನ ಹಳೆಯ ಸಂಗತಿ. 2010ರಲ್ಲಿ ಟ್ವೀಟ್‌ಗಳ ಗುರುತಿನ ಸಂಖ್ಯೆಗಳು ಬಹಳ ದೊಡ್ಡವಾಗುವ ಹಾಗಾಯಿತು. ಜಾವಾಸ್ಕ್ರಿಪ್ಟ್ 9007199254740992ರ ಆಚೆಗೆ ಪೂರ್ಣಸಂಖ್ಯೆಗಳನ್ನೆಲ್ಲ ಸರಿಯಾಗಿ ಹಿಡಿದಿಡಲಾರದು, ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗುತ್ತವೆ. ಅದು ಓದುವವರ ತೊಂದರೆ ಅಂತ ಅವರು ಸುಮ್ಮನಿರಬಹುದಿತ್ತು. ಆದರೆ ಅದೇ ಸಂಖ್ಯೆಯನ್ನು ಇನ್ನೊಂದು ಸಲ ಪಠ್ಯವಾಗಿಯೂ ಕಳಿಸಲು ಶುರು ಮಾಡಿದರು.

ಏನನ್ನೂ ಬಿಡದೆ ಬರೆಯೋಕೆ ಆಗಲ್ಲ, ನಿಜ. ಆ ಅಜ್ಜಿಯ ದಾಖಲೆಯಲ್ಲಿ ಅವರ ನಗು ಇರಲಿಲ್ಲ, ಅದರಿಂದ ಯಾರಿಗೂ ನಷ್ಟವಿಲ್ಲ. ಬಿಟ್ಟದ್ದೇ ತಪ್ಪು ಅಂತ ನನಗೆ ಅನ್ನಿಸೋದಿಲ್ಲ. ಬಿಟ್ಟಿದ್ದೇನೆ ಅನ್ನುವ ಸುಳಿವೂ ಅಲ್ಲಿ ಉಳಿದಿರಲಿಲ್ಲ, ಹಾಗಾಗಿ ಆ ಕಡೆಯವರಿಗೆ ಕೇಳೋದಕ್ಕೂ ಏನೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಚುಚ್ಚೋದು ಇನ್ನೊಂದು. ಇದನ್ನ ಹೇಗೆ ಹೇಳಲಿ ಅಂತ ಯಂತ್ರ ನಿಂತು ನನ್ನನ್ನೇ ಕೇಳಿತ್ತು. ಏನೋ ಒಂದು ಹೇಳು ಮಾರಾಯ ಅಂದವನು ನಾನು.

ಈಗ ಆ ಪಠ್ಯದಲ್ಲಿ ತಾರೀಖಿನ ಪಕ್ಕ ಇನ್ನೊಂದು ಖಾನೆ ಇದೆ. ಕಳಿಸಿದ್ದನ್ನು ವಾಪಸ್ ಓದಿ, ಮೊದಲಿನ ಹಾಗೇ ಇದೆಯಾ ಅಂತ ನೋಡುವ ಪರೀಕ್ಷೆಯೂ ಇದೆ. ಅಜ್ಜಿಯ ಹೆಸರು ಮತ್ತೆ ಪಟ್ಟಿಗೆ ಸೇರಿತು. ಆ ಒಂದು ಸಾಲಿನ ಮದ್ದು ನನ್ನ ಬೇರೆ ಎರಡು ಪ್ರೋಗ್ರಾಮುಗಳಲ್ಲಿ ಇನ್ನೂ ಹಾಗೇ ಇದೆ. ಅಲ್ಲಿಂದ ಇವತ್ತಿನವರೆಗೂ ಯಾರೂ ಫೋನ್ ಮಾಡಿಲ್ಲ.