ಹಂಡೆ ಒಲೆ ಮತ್ತು ಒಂದು ಅರ್ಜಿ

ನಂದಗುಡಿಯ ನಮ್ಮ ಮನೆಯ ಹಿತ್ತಲಲ್ಲಿ ಇವತ್ತಿಗೂ ಹಂಡೆ ಒಲೆ ಇದೆ. ಮಗ ಗೀಸರ್ ಹಾಕಿಸಿಕೊಟ್ಟಿದ್ದರೂ, ಎಣ್ಣೆ ಹಚ್ಚಿಕೊಂಡ ದಿನ ನನಗೆ ನೀಲಗಿರಿ ಸೌದೆ ಉರಿಸಿ ಕಾಯಿಸಿದ ನೀರೇ ಆಗಬೇಕು. ಆ ಬಚ್ಚಲಿಗೆ ತೆಂಗಿನ ಗರಿಯ ಮಾಡು; ಅದು ಮನೆಯ ಗೋಡೆಗೆ ಒರಗಿಕೊಂಡೇ ಇತ್ತು. ಈ ಒಲೆ ನನ್ನನ್ನು ಧರ್ಮಸಂಕಟಕ್ಕೆ ದೂಡೀತೆಂದು ಮನೆಗೆ ವಿಮೆ ಮಾಡಿಸಲು ಹೊರಡುವವರೆಗೂ ನನಗೆ ತಿಳಿದಿರಲಿಲ್ಲ.

2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಕೊಡುತ್ತಿವೆ. ಬೆಂಕಿ, ಸಿಡಿಲು, ನೆರೆ, ಭೂಕಂಪಗಳ ನಷ್ಟ ಅದರಲ್ಲಿ ಸೇರುತ್ತದೆ. ಅರ್ಜಿಯಲ್ಲಿ ಗೋಡೆ, ಚಾವಣಿ ಯಾವುದರದ್ದೆಂದು ಕೇಳಿತ್ತು. ಹುಲ್ಲು, ಗರಿ, ಬಿದಿರು, ಟಾರ್ಪಾಲಿನದಾದರೆ ವಿಮೆಯವರ ಲೆಕ್ಕದಲ್ಲಿ ಅದು ‘ಕಚ್ಚಾ’ ಕಟ್ಟಡ. ಬೇಗ ಹೊತ್ತಿಕೊಳ್ಳುವುದರಿಂದ ಪ್ರೀಮಿಯಂ ಹೆಚ್ಚು. ಚಳಿ ದೇಶಗಳಲ್ಲಿ ನಡುಮನೆಯಲ್ಲೇ ಸೌದೆ ಒಲೆ ಇದ್ದರೆ, ಹೊಗೆಗೂಡನ್ನು ಯಾವಾಗ ಗುಡಿಸಿದಿರಿ ಎಂದೂ ವಿಮೆಯವರು ಕೇಳುವುದುಂಟು.

“ಬಚ್ಚಲಿನ ವಿಷಯ ಯಾಕೆ ಮೇಡಂ? ಆರ್‌ಸಿಸಿ ಮನೆ ಅಂತ ಬರೆದುಬಿಡಿ,” ಎಂದ ಅರ್ಜಿ ತಂದಿದ್ದ ಹುಡುಗ.

ನನ್ನ ಪೆನ್ನು ಒಂದು ಗಳಿಗೆ ನಿಂತಿತು. ದೊಡ್ಡ ಕಂಪನಿಗೆ ನಾಲ್ಕು ಕಾಸು ಕಡಿಮೆಯಾದರೆ ಯಾರ ಗಂಟು ಹೋಗುತ್ತದೆ ಎಂದು ಮನಸ್ಸು ವಾದ ಹೂಡಿತು. ಆದರೆ ವಿಮೆಯೂ ನಮ್ಮ ಮುಯ್ಯಿಯ ಹಾಗೆಯೇ ಅಲ್ಲವೇ? ಮನೆ ಸುಟ್ಟವರಿಗೆ ಸಿಗುವ ಹಣ, ಸುಡದವರೆಲ್ಲ ಕಟ್ಟಿದ ಹಣ. ನನ್ನ ಒಲೆಯನ್ನು ಮುಚ್ಚಿಟ್ಟರೆ ಅದರ ಕಿಡಿ ಮುಖ ನೋಡದ ಯಾರದೋ ಸೆರಗಿಗೆ ಬೀಳುತ್ತದೆ. ಮುಖ್ಯ ಸಂಗತಿ ಮುಚ್ಚಿಟ್ಟವರ ಪರಿಹಾರವನ್ನು ಕಂಪನಿ ನಿರಾಕರಿಸಬಹುದು ಎಂಬ ಭಯವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಗರಿ, ಒಲೆ ಎರಡನ್ನೂ ಬರೆದೆ. ಆಮೇಲೆ ಗರಿ ತೆಗೆಸಿ ತಗಡು ಹಾಕಿಸಿದೆ.

ಇದನ್ನು ಶಾಲೆಯಲ್ಲಿ ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಂಡೆ. ಬಿಸಿಯೂಟ ಬಡಿಸುತ್ತಿದ್ದ ಅಡುಗೆಯಾಕೆ ಕೇಳಿಸಿಕೊಂಡು, “ನಮ್ಮಂಥೋರ ಮನೆಗೂ ಮಾಡ್ತಾರಾ ಮೇಡಂ?” ಎಂದಳು. ಅವಳದು ಮಣ್ಣಿನ ಗೋಡೆ, ಗರಿಯ ಮೇಲೆ ಟಾರ್ಪಾಲು, ಒಳಗೇ ಸೌದೆ ಒಲೆ. “ಮಾಡಿದರೂ ನಿನಗೆ ಜಾಸ್ತಿ ಆಗುತ್ತಮ್ಮ,” ಎಂದೆ. “ಇಲ್ಲದೋರಿಗೇ ಜಾಸ್ತಿನಾ?” ಎಂದು ನಕ್ಕು, ಸೌಟು ಎತ್ತಿಕೊಂಡು ಮುಂದಿನ ಮಗುವಿನ ತಟ್ಟೆಗೆ ಹೋದಳು.

ನನ್ನ ಹೆಮ್ಮೆ ಅಲ್ಲೇ ಇಳಿಯಿತು. ಲೆಕ್ಕ ತಪ್ಪಲ್ಲ, ಅವಳ ಮನೆಗೆ ಅಪಾಯ ಹೆಚ್ಚು, ನಿಜ. ಆದರೆ ನನ್ನ ಒಲೆ ನನ್ನ ಖುಷಿ, ಅವಳ ಒಲೆ ಅವಳ ಬಡತನ. ನಾನು ಹೆಚ್ಚು ಕೊಡುವುದು ನ್ಯಾಯ. ಅವಳನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಬರೀ ಲೆಕ್ಕ.

ರಾಗಿ ಬೆಳೆಗೆ ವಿಮೆ ಮಾಡಿಸುವ ರೈತನಿಗೆ 2016ರ ಫಸಲ್ ಬಿಮಾ ಯೋಜನೆಯಲ್ಲಿ ವಿಮಾ ಮೊತ್ತದ ನೂರಕ್ಕೆ 2ಕ್ಕಿಂತ ಹೆಚ್ಚಿನ ಹೊರೆ ಇಲ್ಲ. ಉಳಿದದ್ದನ್ನು ಕೇಂದ್ರ, ರಾಜ್ಯ ಸರ್ಕಾರಗಳು ಕಟ್ಟುತ್ತವೆ. ಹೊಲದ ಅಪಾಯವನ್ನು ಎಲ್ಲರೂ ಸೇರಿ ಹೊರಬಹುದೆಂದು ಒಪ್ಪಿದ ನಾವು, ಆ ರಾಗಿಯನ್ನು ಬೇಯಿಸುವ ಒಲೆಯ ಅಪಾಯವನ್ನು ಅವಳೊಬ್ಬಳ ತಲೆಗೇ ಏಕೆ ಕಟ್ಟಬೇಕು?