ಕಾಣುವ ಕರುಣೆ, ಕಾಣದ ಹೊಣೆ

ಬಾವಿಗೆ ಬಿದ್ದ ಮಗುವನ್ನು ಹಗ್ಗ ಹಿಡಿದು ಇಳಿದು ಮೇಲಕ್ಕೆತ್ತಿದವನನ್ನು ಊರೆಲ್ಲ ಕೊಂಡಾಡುತ್ತದೆ. ಅದು ಉಚಿತವೇ ಆಗಿದೆ. ಆದರೆ ಹತ್ತು ವರ್ಷ ಮೊದಲೇ ಯಾರಾದರೂ ಆ ಬಾವಿಗೆ ಕಟ್ಟೆ ಕಟ್ಟಿಸಿದ್ದರೆ ಏನಾಗುತ್ತಿತ್ತು? ಮಗು ಬೀಳುತ್ತಿರಲಿಲ್ಲ, ಜನ ಸೇರುತ್ತಿರಲಿಲ್ಲ, ಯಾರೂ ಯಾರನ್ನೂ ಕೊಂಡಾಡುತ್ತಿರಲಿಲ್ಲ. ತಾನು ಬದುಕಿಕೊಂಡೆನೆಂಬುದು ಆ ಮಗುವಿಗೂ ತಿಳಿಯುತ್ತಿರಲಿಲ್ಲ. ಈ ಎರಡು ಉಪಕಾರಗಳಲ್ಲಿ ಹಿರಿದು ಯಾವುದು? ಎರಡನೆಯದನ್ನು ನಾವು ಮರೆಯುವುದು ಕೇವಲ ಅಜಾಗರೂಕತೆಯೋ, ಅಥವಾ ಅದೂ ಒಂದು ಅಪರಾಧವೋ? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟದ್ದು ಶಾಸ್ತ್ರಗ್ರಂಥವಲ್ಲ, ಒಬ್ಬ ಹುಡುಗನ ಹೃದಯ.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಲಯದಲ್ಲಿ ಓದಿ ಹೋದ ಯುವಕನೊಬ್ಬನ ತಂದೆ ನಮ್ಮಲ್ಲಿಗೆ ಬಂದರು. ಮಗನಿಗೆ ಆಗ ಇಪ್ಪತ್ತೆರಡು ವಯಸ್ಸು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಉಸಿರು ಕಟ್ಟುವುದು. ಎಕೋ ಪರೀಕ್ಷೆ ಮಾಡಿದ ವೈದ್ಯರು, ಹೃದಯದ ಮಿಟ್ರಲ್ ಕವಾಟ ಕೆಟ್ಟುಹೋಗಿದೆ, ಅದನ್ನು ತೆಗೆದು ಕೃತಕ ಕವಾಟ ಜೋಡಿಸಬೇಕು ಎಂದು ಹೇಳಿದ್ದರು. “ಬುದ್ಧಿ, ಇರುವುದು ಎರಡು ಎಕರೆ ಬೆದ್ದಲು. ಮಾರಿದರೂ ಸಾಲದು” ಎಂದು ಅವರು ಕಣ್ಣೀರು ಹಾಕಿದರು. ಭಕ್ತರಿಗೆ ವಿಷಯ ತಿಳಿಸಿದೆವು. ಹದಿನೈದು ದಿನಗಳಲ್ಲಿ ಹಣ ಕೂಡಿತು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಮುಂದಿನ ಹುಣ್ಣಿಮೆಯ ಸಭೆಯಲ್ಲಿ ದಾನಿಗಳಿಗೆ ಶಾಲು ಹೊದಿಸಿ ಸನ್ಮಾನಿಸಿದೆವು. ಸಭೆಯಲ್ಲಿ ಹಲವರ ಕಣ್ಣು ಒದ್ದೆಯಾಗಿದ್ದವು.

ಸಭೆ ಮುಗಿದ ಮೇಲೆ ಆ ತಂದೆ ಸಂಕೋಚದಿಂದಲೇ ಒಂದು ಮಾತು ಹೇಳಿದರು. ಹುಡುಗನಿಗೆ ಬಾಲ್ಯದಲ್ಲಿ ಜ್ವರದೊಂದಿಗೆ ಕೀಲುನೋವು ಬಂದಿತ್ತೇ ಎಂದು ವೈದ್ಯರು ವಿಚಾರಿಸಿದ್ದರಂತೆ. ಬಂದಿತ್ತು, ಏಳನೆಯ ತರಗತಿಯಲ್ಲಿ, ಹಾಸ್ಟೆಲಿನಲ್ಲಿದ್ದಾಗ. ಅಂದು ರಾತ್ರಿ ಹಳೆಯ ಕಡತ ತರಿಸಿ ನೋಡಿದೆವು. ರಜೆಯ ಚೀಟಿ ಸಿಕ್ಕಿತು: ‘ಗಂಟಲುನೋವು ವಾಸಿಯಾದ ಮೇಲೆ ಜ್ವರ, ಮೊಣಕಾಲು ನೋವು; ಹದಿನೈದು ದಿವಸ ರಜೆ.’ ಅದರ ಕೆಳಗೆ ಮಂಜೂರು ಮಾಡಿದ ನಮ್ಮದೇ ಸಹಿ ಇತ್ತು. ಬೆಳೆಯುವ ಹುಡುಗರಿಗೆ ಕಾಲುನೋವು ಸಹಜವೆಂದು ನೋವಿನೆಣ್ಣೆ ಕೊಟ್ಟು ಊರಿಗೆ ಕಳಿಸಿದ್ದೆವು.

ಗಂಟಲಿಗೂ ಹೃದಯಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಅಂದು ನಮಗೂ ತಿಳಿದಿರಲಿಲ್ಲ. ಸ್ಟ್ರೆಪ್ಟೋಕಾಕಸ್ ಎಂಬ ಜಾತಿಯ ಒಂದು ಸೂಕ್ಷ್ಮಾಣು ಮಕ್ಕಳ ಗಂಟಲಿನಲ್ಲಿ ನೆಲೆಸಿ ಬಾವು ಉಂಟುಮಾಡುತ್ತದೆ. ಅದನ್ನು ಎದುರಿಸಲು ಶರೀರವು ಸಿದ್ಧಗೊಳಿಸಿದ ರಕ್ಷಣಾಶಕ್ತಿಯು, ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ತರುವಾಯ, ವೈರಿ ಯಾರು ಸ್ವಜನರು ಯಾರು ಎಂಬ ವಿವೇಚನೆ ತಪ್ಪಿ, ಸ್ವಂತ ಕೀಲುಗಳ ಮೇಲೂ ಹೃದಯದ ಮೇಲೂ ಎರಗುತ್ತದೆ. ಇದನ್ನು ರುಮ್ಯಾಟಿಕ್ ಜ್ವರವೆನ್ನುತ್ತಾರೆ. ಕೀಲುಗಳ ಬಾವು ಇಳಿದು ಹೋಗುತ್ತದೆ. ಹೃದಯಕ್ಕಾದ ಗಾಯ ಎಷ್ಟೋ ಮಕ್ಕಳಲ್ಲಿ ಉಳಿದುಬಿಡುತ್ತದೆ. ಜ್ವರ ಮರುಕಳಿಸಿದಂತೆಲ್ಲ ಎಡ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವಣ ಮಿಟ್ರಲ್ ಕವಾಟದ ಎಸಳುಗಳು ದಪ್ಪವಾಗಿ, ಒಂದಕ್ಕೊಂದು ಅಂಟಿಕೊಂಡು, ದಾರಿ ಕಿರಿದಾಗುತ್ತದೆ. ಮುಂದೆ ಹೋಗಬೇಕಾದ ರಕ್ತ ಶ್ವಾಸಕೋಶದ ಕಡೆಗೆ ಒತ್ತುತ್ತದೆ. ಹುಡುಗನ ಏದುಸಿರಿಗೆ ಕಾರಣವಿದು.

ಇದನ್ನು ತಡೆಯುವ ಉಪಾಯ 1950ರ ದಶಕದಿಂದಲೂ ವೈದ್ಯಲೋಕಕ್ಕೆ ತಿಳಿದಿದೆ. ಗಂಟಲುನೋವು ಆರಂಭವಾದ ಒಂಬತ್ತು ದಿನಗಳೊಳಗೆ ತಕ್ಕ ಪೆನಿಸಿಲಿನ್ ಚಿಕಿತ್ಸೆ ದೊರೆತರೆ ಆ ಜ್ವರ ಬಾರದಂತೆ ತಡೆಯಬಹುದು. ಒಮ್ಮೆ ಬಂದವರಿಗೂ ಮೂರು ನಾಲ್ಕು ವಾರಗಳಿಗೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದನ್ನು ಹಲವಾರು ವರ್ಷ ತಪ್ಪದೆ ಕೊಟ್ಟರೆ, ಮರುಕಳಿಕೆಯನ್ನು ತಪ್ಪಿಸಿ ಕವಾಟವನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದು. ಇದು ಬಲು ಅಗ್ಗದ ಔಷಧ. ಗಾಳಿಯಿಲ್ಲದ ಕೊಠಡಿಯಲ್ಲಿ ಮಕ್ಕಳು ಒತ್ತೊತ್ತಾಗಿ ಮಲಗುವಲ್ಲಿ ಈ ಸೋಂಕು ಬೇಗ ಹರಡುತ್ತದೆ. ನಮ್ಮ ಅಂದಿನ ಕೊಠಡಿಗಳು ಹೇಗಿದ್ದವೆಂಬುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು.

ಚಿಕಿತ್ಸೆಯನ್ನು ಕೀಳುಗಳೆಯುವುದು ನಮ್ಮ ಉದ್ದೇಶವಲ್ಲ. ಅದರ ಇತಿಹಾಸವೇ ಒಂದು ತಪಸ್ಸಿನ ಕಥೆ. 1929ರಲ್ಲಿ ಜರ್ಮನಿಯ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ರಕ್ತನಾಳದ ಮೂಲಕ ತನ್ನ ಹೃದಯಕ್ಕೇ ನಳಿಗೆಯೊಂದನ್ನು ತೂರಿಸಿಕೊಂಡು, ಅದು ಸಾಧ್ಯವೆಂದು ತೋರಿಸಿದನು. 1960ರಲ್ಲಿ ಅಮೆರಿಕದ ಶಸ್ತ್ರವೈದ್ಯ ಆಲ್ಬರ್ಟ್ ಸ್ಟಾರ್ ಮತ್ತು ಎಂಜಿನಿಯರ್ ಲೊವೆಲ್ ಎಡ್ವರ್ಡ್ಸ್ ಕೂಡಿ ರೂಪಿಸಿದ ಕೃತಕ ಕವಾಟ ಮಿಟ್ರಲ್ ಸ್ಥಾನದಲ್ಲಿ ಯಶಸ್ವಿಯಾಯಿತು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ನಮ್ಮ ದೇಶದಲ್ಲಿಯೇ ನಿರ್ಮಿಸಿದ ಕವಾಟವನ್ನು 1990ರಲ್ಲಿ ರೋಗಿಯೊಬ್ಬರಿಗೆ ಮೊದಲ ಬಾರಿಗೆ ಅಳವಡಿಸಲಾಯಿತು. ಇಷ್ಟಾದರೂ ಲೋಹದ ಕವಾಟ ಹೊತ್ತವನು ಜೀವನಪರ್ಯಂತ ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸಬೇಕು. ಅದರ ಪ್ರಮಾಣ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಆದಕಾರಣ ಮತ್ತೆ ಮತ್ತೆ ರಕ್ತಪರೀಕ್ಷೆ ಮಾಡಿಸಬೇಕು. ಚಿಕಿತ್ಸೆ ಪ್ರಾಣವನ್ನು ಉಳಿಸುತ್ತದೆ. ಕೆಡುವುದಕ್ಕೆ ಮೊದಲಿದ್ದ ಹೃದಯವನ್ನು ಮರಳಿ ಕೊಡಲಾರದು.

ಕವಾಟದ ರೋಗದಲ್ಲಿ ಕಂಡ ಸತ್ಯವೇ ಪರಿಧಮನಿಯ ರೋಗದಲ್ಲಿ ಇನ್ನೂ ವಿಸ್ತಾರವಾಗಿ ಕಾಣುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿದು ಸರ್ವಾಂಗಗಳಿಗೂ ರಕ್ತವನ್ನು ಹಂಚುವ ಹೃದಯವು ತನ್ನ ಪೋಷಣೆಗೆ ಈ ಪರಿಧಮನಿಗಳನ್ನೇ ಅವಲಂಬಿಸಿದೆ. ಅವುಗಳ ಒಳಗೋಡೆಯಲ್ಲಿ ಕೊಬ್ಬು ಸೇರುವ ಕ್ರಿಯೆ ಯೌವನದಲ್ಲಿಯೇ ಸದ್ದಿಲ್ಲದೆ ಆರಂಭವಾಗಿ, ಎಷ್ಟೋ ವರ್ಷಗಳ ಮೇಲೆ ಎದೆನೋವಾಗಿ, ಹೃದಯಾಘಾತವಾಗಿ ಪ್ರಕಟವಾಗುತ್ತದೆ. ಇಲ್ಲಿಯೂ ಚಿಕಿತ್ಸೆಯ ಸಾಧನೆ ಅದ್ಭುತವೇ. 1967ರಲ್ಲಿ ರೆನೆ ಫವಲೋರೊ ಕಾಲಿನ ರಕ್ತನಾಳವನ್ನು ಬಳಸಿ ಬೈಪಾಸ್ ಪದ್ಧತಿಯನ್ನು ನೆಲೆಗೊಳಿಸಿದರು. 1977ರಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಜ್ಯೂರಿಕ್‌ನಲ್ಲಿ ಎದೆ ಸೀಳದೆಯೇ ಬಲೂನಿನಿಂದ ಪರಿಧಮನಿಯನ್ನು ಹಿಗ್ಗಿಸಿದರು. ನಮ್ಮ ಸರ್ಕಾರವು 2017ರಲ್ಲಿ ಸ್ಟೆಂಟುಗಳ ಬೆಲೆಗೆ ಮಿತಿ ಹಾಕಿದ್ದರಿಂದ ಅವು ಹೆಚ್ಚು ಜನರಿಗೆ ನಿಲುಕುವಂತಾದವು. ಹೃದಯಾಘಾತವಾದಾಗ ಕಟ್ಟಿಕೊಂಡ ನಾಳವನ್ನು ತಡಮಾಡದೆ ತೆರೆಯುವುದು ಪ್ರಾಣದಾನವೇ ಸರಿ. ಆದರೆ ಸ್ಟೆಂಟು ತೆರೆಯುವುದು ಕಿರಿದಾದ ಒಂದು ಜಾಗವನ್ನು. ರೋಗವು ನಾಳದ ಉದ್ದಕ್ಕೂ ಇರುತ್ತದೆ. ಅನಂತರವೂ ತಂಬಾಕನ್ನು ತ್ಯಜಿಸಿ, ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲುಗಳನ್ನು ಹತೋಟಿಯಲ್ಲಿಡದಿದ್ದರೆ ಮಾಡಿದ ಉಪಕಾರ ನಿಲ್ಲದು.

2004ರಲ್ಲಿ ಪ್ರಕಟವಾದ, 52 ದೇಶಗಳನ್ನು ಒಳಗೊಂಡ ಇಂಟರ್‌ಹಾರ್ಟ್ ಎಂಬ ಅಧ್ಯಯನವು ಮೊದಲ ಹೃದಯಾಘಾತದ ಅಪಾಯದಲ್ಲಿ ಶೇಕಡಾ 90ರಷ್ಟನ್ನು ಒಂಬತ್ತು ಅಂಶಗಳಿಂದಲೇ ವಿವರಿಸಬಹುದೆಂದು ತೋರಿಸಿತು. ಧೂಮಪಾನ, ರಕ್ತದ ಕೊಬ್ಬು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿಗಳ ಕೊರತೆ, ವ್ಯಾಯಾಮದ ಅಭಾವ, ಮದ್ಯದ ವಿಚಾರ, ಇವೇ ಆ ಒಂಬತ್ತು. ದಕ್ಷಿಣ ಏಷ್ಯದ ನಮ್ಮ ಜನರಿಗೆ ಉಳಿದವರಿಗಿಂತ ಸುಮಾರು ಆರು ವರ್ಷ ಮುಂಚಿತವಾಗಿಯೇ ಮೊದಲ ಆಘಾತ ಬರುತ್ತದೆಂಬುದೂ ಅದರಲ್ಲಿ ಕಂಡುಬಂದಿತು. ಮನೆಯ ಯಜಮಾನ ಐವತ್ತರ ಆಸುಪಾಸಿನಲ್ಲಿ ಕುಸಿದರೆ ಆ ಮನೆಯ ಮಕ್ಕಳ ಓದು, ಮದುವೆ, ಸಾಲಗಳ ಗತಿ ಏನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ.

ಕಾರಣ ತಿಳಿದ ಮಾತ್ರಕ್ಕೆ ನಿವಾರಣೆಯಾಗುವುದೇ? ಒಂದು ಪ್ರಾಂತವೇ ಇದಕ್ಕೆ ಉತ್ತರ ಕೊಟ್ಟಿದೆ. 1970ರ ಸುಮಾರಿಗೆ ಫಿನ್ಲೆಂಡಿನ ಉತ್ತರ ಕರೇಲಿಯದಲ್ಲಿ ನಡುವಯಸ್ಸಿನ ಗಂಡಸರು ಹೃದ್ರೋಗದಿಂದ ಸಾಯುತ್ತಿದ್ದ ಪ್ರಮಾಣ ಜಗತ್ತಿನಲ್ಲಿಯೇ ಅತ್ಯಧಿಕವಾಗಿತ್ತು. ಅವರೇನೂ ಕುಳಿತು ಉಣ್ಣುವವರಲ್ಲ; ಹೊಲ, ಕಾಡುಗಳಲ್ಲಿ ಮೈಮುರಿದು ದುಡಿಯುವವರು. ಆದರೆ ಅವರ ಊಟದಲ್ಲಿ ಬೆಣ್ಣೆ, ಕೊಬ್ಬಿನ ಹಾಲು, ಉಪ್ಪು ವಿಪರೀತ. ಅರ್ಧಕ್ಕೂ ಹೆಚ್ಚು ಗಂಡಸರು ಧೂಮಪಾನಿಗಳು. 1971ರಲ್ಲಿ ಆ ಜನರ ಪ್ರತಿನಿಧಿಗಳೇ ಸರ್ಕಾರಕ್ಕೆ ಮನವಿ ಸಲ್ಲಿಸಿದರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ತರುಣ ವೈದ್ಯರ ನೇತೃತ್ವದಲ್ಲಿ ಕಾರ್ಯ ಆರಂಭವಾಯಿತು. ಅವರು ಬರಿಯ ಉಪದೇಶ ಮಾಡಿ ಸುಮ್ಮನಾಗಲಿಲ್ಲ. ಗೃಹಿಣಿಯರ ಸಂಘದವರು ಹಳ್ಳಿ ಹಳ್ಳಿಯಲ್ಲಿ ಹೊಸ ಬಗೆಯ ಅಡುಗೆಯನ್ನು ಮಾಡಿ ಉಣಬಡಿಸಿದರು. ಆಹಾರ ತಯಾರಕರೊಡನೆ ಮಾತಾಡಿ ಉಪ್ಪು, ಕೊಬ್ಬು ಕಡಿಮೆ ಮಾಡಿಸಿದರು. ಹೈನುಗಾರರಿಗೆ ನಷ್ಟವಾದೀತೆಂದು ಬೆರ್ರಿ ಹಣ್ಣಿನ ಬೇಸಾಯಕ್ಕೆ ನೆರವಾದರು. ನಾಲ್ಕು ದಶಕಗಳೊಳಗೆ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಮರಣಪ್ರಮಾಣ ಶೇಕಡಾ 80ಕ್ಕೂ ಹೆಚ್ಚು ಇಳಿಯಿತು. ಹೀಗೆ ಉಳಿದವರು ಸಾವಿರಾರು ಮಂದಿ. ಆದರೆ ‘ನಾನೇ ಅವನು’ ಎಂದು ಅವರಲ್ಲೊಬ್ಬನೂ ಹೇಳಲಾರ.

ಇಲ್ಲಿಯೇ ಧರ್ಮಸೂಕ್ಷ್ಮವಿರುವುದು. ಇಂಗ್ಲೆಂಡಿನ ವೈದ್ಯವಿಜ್ಞಾನಿ ಜೆಫ್ರಿ ರೋಸ್ 1981ರಲ್ಲಿ ಒಂದು ವಿರೋಧಾಭಾಸವನ್ನು ಎತ್ತಿ ತೋರಿಸಿದರು. ಇಡೀ ಸಮುದಾಯಕ್ಕೆ ಹಿರಿದಾದ ಹಿತವನ್ನುಂಟುಮಾಡುವ ಮುನ್ನೆಚ್ಚರಿಕೆಯಿಂದ, ಅದನ್ನು ಪಾಲಿಸುವ ಒಬ್ಬೊಬ್ಬ ವ್ಯಕ್ತಿಗೆ ದೊರೆಯುವ ಲಾಭ ಅತ್ಯಲ್ಪವಾಗಿ ತೋರುತ್ತದೆ ಎಂಬುದು ಅವರ ವಿಚಾರದ ಸಾರ. ಸಾವಿರ ಜನ ಉಪ್ಪು ಕಡಿಮೆ ಮಾಡಿದರೆ ಅದರಿಂದ ಪಾರಾಗುವವರು ಕೆಲವರು. ಆ ಕೆಲವರು ಯಾರೆಂದು ಯಾರೂ ಅರಿಯರು. ಕರುಣೆಗೆ ಒಂದು ಮುಖ ಬೇಕು, ಒಂದು ಹೆಸರು ಬೇಕು, ಎದುರಿಗೆ ನಿಂತು ಅಳುವ ಒಬ್ಬ ತಂದೆ ಬೇಕು. ಬಾರದೆ ಹೋದ ರೋಗಕ್ಕೆ ಮುಖವಿಲ್ಲ. ಆದುದರಿಂದ ಕರುಣೆಯೊಂದನ್ನೇ ನೆಚ್ಚಿದ ಧರ್ಮವು ಅರ್ಧ ಕುರುಡು. ಪತಂಜಲಿಯು ಯೋಗಸೂತ್ರಗಳಲ್ಲಿ ಸಾಧಕನ ಗಮನವನ್ನು ಮುಂಬರುವ ದುಃಖದ ಕಡೆಗೆ ತಿರುಗಿಸಿದ್ದಾನೆ. ಸಾಧಕನಿಗೆ ಸಲ್ಲುವ ಆ ವಿವೇಕ ಸಮಾಜಕ್ಕೂ ಸಲ್ಲಬೇಡವೇ?

ಇದಕ್ಕೆ ಎರಡು ಆಕ್ಷೇಪಗಳುಂಟು. ಸಾಯುತ್ತಿರುವವನು ಎದುರಿಗಿರುವಾಗ ಮುಂದೆಂದೋ ಬರಬಹುದಾದ ರೋಗದ ಲೆಕ್ಕ ಹಾಕುವುದು ನಿರ್ದಯವಲ್ಲವೇ ಎಂಬುದು ಮೊದಲನೆಯದು. ನಿಶ್ಚಯವಾಗಿಯೂ ನಿರ್ದಯವೇ. ಆ ತಂದೆ ನಾಳೆ ಮತ್ತೆ ಬಂದರೂ ನಾವು ಜೋಳಿಗೆ ಹಿಡಿದೇ ಹಿಡಿಯುತ್ತೇವೆ. ಚುಚ್ಚುಮದ್ದಿಗಾಗಿ ಶಸ್ತ್ರಚಿಕಿತ್ಸೆಯ ಹಣವನ್ನು ಕಸಿಯಬೇಕಾಗಿಲ್ಲ. ಚುಚ್ಚುಮದ್ದಿಗೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಗಮನ.

ರೋಗಕ್ಕೆ ಕಾರಣ ಹೇಳುವುದೆಂದರೆ ರೋಗಿಯನ್ನೇ ಅಪರಾಧಿಯೆಂದಂತೆ ಆಗುವುದಿಲ್ಲವೇ ಎಂಬುದು ಎರಡನೆಯದು. ಇದು ಗಂಭೀರವಾದ ಮಾತು. ಎಂದೂ ಬೀಡಿ ಮುಟ್ಟದವರಿಗೂ, ಮಿತಾಹಾರಿಗಳಿಗೂ ಹೃದಯಾಘಾತ ಬರುತ್ತದೆ. ವಂಶದಿಂದ ಬಂದುದನ್ನು ಯಾರೂ ಆರಿಸಿಕೊಂಡವರಲ್ಲ. ಹದಿಮೂರರ ಹುಡುಗ ಗಂಟಲುನೋವನ್ನು ಬೇಡಿ ಪಡೆದವನಲ್ಲ. ಹಾಸಿಗೆ ಹಿಡಿದವನಿಗೆ ‘ನೀನೇ ಮಾಡಿಕೊಂಡೆ’ ಎನ್ನುವುದೂ, ‘ನಿನ್ನ ಪ್ರಾರಬ್ಧ’ ಎನ್ನುವುದೂ ಒಂದೇ. ಎರಡೂ ನಮ್ಮ ಹೊಣೆಯಿಂದ ಜಾರಿಕೊಳ್ಳುವ ಮಾತುಗಳು. ಕಾರಣದ ಅರಿವನ್ನು ಬಿದ್ದವನಿಗೆ ಬೀಸುವ ಚಾಟಿಯಾಗಿ ಮಾಡಬಾರದು. ಇನ್ನೂ ಬೀಳದವರ ದಾರಿಗೆ ಅದನ್ನು ದೀಪವಾಗಿಸಬೇಕು. ಆ ದೀಪವನ್ನು ಹಿಡಿಯಬೇಕಾದವರು ಶಾಲೆ, ವಿದ್ಯಾರ್ಥಿನಿಲಯ, ಪಂಚಾಯಿತಿ, ಸರ್ಕಾರ, ಮಠ ಎಂಬಿವು. 2022ರ ಜನವರಿಯಿಂದ ನಮ್ಮ ದೇಶದಲ್ಲಿ ವನಸ್ಪತಿ ಮತ್ತು ಎಣ್ಣೆಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡಾ 2ನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದಿತು. ಆ ನಿಯಮದಿಂದ ಉಳಿದ ಜೀವಗಳು ಯಾರವೆಂದು ಯಾರಿಗೂ ತಿಳಿಯದು. ಅದಕ್ಕಾಗಿ ಯಾರಿಗೂ ಶಾಲು ಹೊದಿಸಿಲ್ಲ. ಒಬ್ಬೊಬ್ಬ ಮನುಷ್ಯನಲ್ಲಿ ಕಣ್ಣೆದುರಿನ ದುಃಖಕ್ಕೆ ಕರಗುವ ಮನಸ್ಸಿದ್ದರೆ ಸಾಕು. ಸಂಸ್ಥೆಗಾದರೋ ಅಷ್ಟು ಸಾಲದು; ಕಾಣದ ದುಃಖವನ್ನು ನೆನಪಿನಲ್ಲಿಡುವುದಕ್ಕೆಂದೇ ಸಂಸ್ಥೆ, ನಿಯಮ, ದಾಖಲೆಗಳಿರುವುದು. ನಮ್ಮ ದಾಖಲೆಯಲ್ಲಿ ರಜೆಯ ಚೀಟಿ ಇತ್ತು; ಅದನ್ನು ಓದುವ ಕಣ್ಣು ಇರಲಿಲ್ಲ.

ಈಗ ನಮ್ಮ ವಿದ್ಯಾರ್ಥಿನಿಲಯದಲ್ಲಿ ಗಂಟಲುನೋವಿಗೊಂದು ಪುಸ್ತಕವಿದೆ. ಜ್ವರದೊಂದಿಗೆ ಗಂಟಲುನೋವೆಂದ ಹುಡುಗನನ್ನು ಅಂದೋ ಮರುದಿನವೋ ವೈದ್ಯರಿಗೆ ತೋರಿಸಲಾಗುತ್ತದೆ. ಹಿಂದೆ ರುಮ್ಯಾಟಿಕ್ ಜ್ವರ ಬಂದಿದ್ದ ಇಬ್ಬರು ಮಕ್ಕಳನ್ನು ಇಪ್ಪತ್ತೊಂದು ದಿನಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ಚುಚ್ಚುಮದ್ದು ಕೊಡಿಸಲಾಗುತ್ತದೆ; ಪರೀಕ್ಷೆಯಿರಲಿ, ಜಾತ್ರೆಯಿರಲಿ, ಆ ದಿನ ತಪ್ಪುವಂತಿಲ್ಲ. ಹಾಸಿಗೆಗಳ ನಡುವೆ ಅಂತರ ಹೆಚ್ಚಿದೆ, ಕಿಟಕಿಗಳು ತೆರೆದಿವೆ. ದಾಸೋಹದ ಅಡುಗೆಯಲ್ಲಿ ಉಪ್ಪು, ಎಣ್ಣೆಗಳ ಅಳತೆ ಇಳಿದಿದೆ. ರುಚಿ ಕಡಿಮೆಯಾಯಿತೆಂದು ಹಿರಿಯ ಭಕ್ತರು ನಮ್ಮಲ್ಲಿಯೇ ದೂರಿದ್ದೂ ಉಂಟು. ಇದರಿಂದ ಯಾವ ಹುಡುಗನ ಹೃದಯ ಉಳಿಯಿತೆಂದು ನಮಗೆಂದೂ ತಿಳಿಯಲಾರದು. ಹಳೆಯ ವಿದ್ಯಾರ್ಥಿಗಳಲ್ಲಿ ಉಪಾಧ್ಯಾಯರಾದವರು ಅನೇಕರಿದ್ದೀರಿ. ನಿಮ್ಮ ತರಗತಿಯಲ್ಲಿ ಗಂಟಲುನೋವಿನಿಂದೆದ್ದ ಮಗು ಕೆಲವೇ ವಾರಗಳಲ್ಲಿ ಕೀಲುನೋವೆಂದು ಕುಂಟಿದರೆ ಒಂದು ಕ್ಷಣ ನಿಂತು ವಿಚಾರಿಸಿರಿ. ನಾವು ವಿಚಾರಿಸಲಿಲ್ಲ.

ಆ ಯುವಕ ಈಗ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಾನೆ, ಮದುವೆಯಾಗಿದೆ. ರಕ್ತಪರೀಕ್ಷೆಗೆ ಹೋಗುವಾಗ ಮಠಕ್ಕೆ ಬಂದು ನಮಸ್ಕರಿಸಿ ಹೋಗುತ್ತಾನೆ. ಹತ್ತಿರ ಕುಳಿತು ಇಬ್ಬರೂ ಸುಮ್ಮನಾದಾಗ ಅವನೆದೆಯೊಳಗಿನ ಲೋಹದ ಕವಾಟ ಮುಚ್ಚಿಕೊಳ್ಳುವ ಸಣ್ಣ ಸದ್ದು ನಮಗೂ ಕೇಳಿಸುತ್ತದೆ. ತನ್ನ ಪ್ರಾಣ ಉಳಿಸಿದವರು ನಾವೆಂದು ಅವನು ನಂಬಿದ್ದಾನೆ. ಆ ರಜೆಯ ಚೀಟಿಯನ್ನು ಅವನಿಗೆ ತೋರಿಸಿದ್ದೇವೆ. ಅವನು ಓದಿ, ಮಡಿಸಿ, ನಮ್ಮ ಕೈಗೇ ಹಿಂದಿರುಗಿಸಿದನು.